ಹಿಂದಿನ ಸೀಟಿನ ಬೆಲ್ಟು

ಅಪ್ಪಾ,

ಇವತ್ತು ಗ್ಲೈಡರಿನಲ್ಲಿ ಮೊದಲ ಸಲ ಒಬ್ಬನೇ ಹಾರಿದೆ. ನೀನಿದ್ದಾಗ ಪ್ರತಿ ಭಾನುವಾರ ನನ್ನನ್ನು ಗ್ಲೈಡರ್ ಕ್ಲಬ್ಬಿಗೆ ಕರೆಯುತ್ತಿದ್ದೆ. "ಎಂಜಿನ್ ಇಲ್ಲದೆ ಸಾಗೋದಕ್ಕೆ ನಮ್ಮ ಸಂಸಾರ ಸಾಲದಾ?" ಎಂದು ನಾನು ಜಾರಿಕೊಳ್ಳುತ್ತಿದ್ದೆ.

ಹೊರಡುವ ಮುಂಚೆ ಶಿಷ್ಯರಿಗೆಂದು ನೀನು ಕಟ್ಟಿದ್ದ ಪದ್ಯ ಹೇಳಿಕೊಂಡೆ: ಬೆಲ್ಟು ಬಿಗಿ, ಮುಚ್ಚಳ ಬಿಗಿ, ಬಾಯಿ ಬಿಗಿ, ಆಮೇಲೆ ಜಿಗಿ. ನೀನು ಮೂವತ್ತು ವರ್ಷ ಕೂತು ಕಲಿಸಿದ ಹಿಂದಿನ ಸೀಟು ಖಾಲಿಯಿತ್ತು. ಖಾಲಿ ಸೀಟಿನ ಬೆಲ್ಟನ್ನೂ ಬಿಗಿಯಬೇಕು, ಇಲ್ಲದಿದ್ದರೆ ಅದು ಆ ಸೀಟಿನ ಮುಂದಿರುವ ಚಾಲನೆಯ ಕೋಲಿಗೆ ತೊಡರುತ್ತದೆ. ಕಟ್ಟಿದೆ. ಈಗ ಕಲಿಸುವ ಮೇಡಂ ಬಗ್ಗಿ ನೋಡಿದರು.

"ಇದೇನ್ರೀ, ಯಾರ ಹೊಟ್ಟೆಗೆ ಜಾಗ ಬಿಟ್ಟಿದ್ದೀರಿ?"

ಚಿಕ್ಕಂದಿನಲ್ಲಿ ಸ್ಕೂಟರಿನ ಹಿಂದೆ ಕೂತು ತಬ್ಬಿಕೊಂಡ ನಿನ್ನ ಹೊಟ್ಟೆ. ಅಳತೆ ಕೈಗೆ ನೆನಪಿತ್ತು.

"ಖಾಲಿ ಸೀಟು ಕಣ್ರೀ," ಎಂದು ಅವರೇ ಎಳೆದು ಬಿಗಿದರು.

ಹಿಂದೆ ಭಾರವಿಲ್ಲದ ಗ್ಲೈಡರ್ ಅಂದುಕೊಂಡದ್ದಕ್ಕಿಂತ ಬೇಗ ಮೇಲೇರಿತು. ಹಗುರವಾಗುತ್ತದೆ ಎಂದು ಎಲ್ಲರೂ ಮೊದಲೇ ಹೇಳಿದ್ದರು. ಆರು ನಿಮಿಷ ಹಾರಿದೆ, ನೆಟ್ಟಗೆ ಇಳಿದೆ. ಎಲ್ಲರೂ ಬೆನ್ನು ತಟ್ಟಿದರು.

ಅವರು ಚಹಾಕ್ಕೆ ಹೋದ ಮೇಲೆ ಹಿಂದಿನ ಬೆಲ್ಟನ್ನು ಒಂದು ಹೊಟ್ಟೆಯಷ್ಟು ಸಡಿಲಿಸಿ ಬಂದೆ.