ನನ್ನ ಕಾರ್ಡಿನಲ್ಲಿ ನಿನ್ನ ಕಣ್ಣು

ಹೊಸೂರು
18-11-2025, ಮಂಗಳವಾರ

ನನ್ನ ತುಳಸಿಗೆ,

ಅಕ್ಕನಾದವಳು ಕಾಗದದ ತಲೆಯಲ್ಲಿ ಆಶೀರ್ವಾದ ಬರೆಯಬೇಕು. ಬರೆದೆ, ಹೊಡೆದುಹಾಕಿದೆ. ನಿನ್ನನ್ನು ಹರಸುವ ಮುಖ ಈಗ ನನಗಿಲ್ಲ. ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ. ಬರುವ ಸೋಮವಾರ ನೀನು ಕೃಷ್ಣಗಿರಿಯ ಕಣ್ಣಾಸ್ಪತ್ರೆಗೆ ಬರಲೇಬೇಕು. ರಾಗಿ ಕೊಯ್ಲಿದೆ, ಹಸು ಈದಿದೆ ಎನ್ನುವ ಪುರಾಣವೆಲ್ಲ ಬೇಡ. ನಿನ್ನ ಕಣ್ಣಿನ ಹಿಂದಿನ ಪರದೆಯಲ್ಲಿ ಕಾಯಿಲೆ ಶುರುವಾಗಿದೆ. ಅದು ನನಗೆ ಗೊತ್ತಾಗಿ ಮೂರು ವಾರವಾಯಿತು. ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ.

ಹೆದರಬೇಡ. ಈಗಲೇ ನೋಡಿಸಿಕೊಂಡರೆ ಕಣ್ಣು ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ನೋಡಿಸಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದನ್ನೂ ಹೇಳಿದರು. ಅದನ್ನು ಬರೆಯಲು ನನಗೆ ಕೈ ಬರುವುದಿಲ್ಲ. ಅಮ್ಮ ಕಡೆಗಾಲದಲ್ಲಿ ಗೋಡೆ ತಡವಿಕೊಂಡು ಹಿತ್ತಲಿಗೆ ಹೋಗುತ್ತಿದ್ದಳಲ್ಲ, ನೆನಪು ಮಾಡಿಕೋ. ವಯಸ್ಸಾಯಿತು ಎಂದು ನಾವಿಬ್ಬರೂ ಸುಮ್ಮನಾದೆವು.

ಫೋನಿನಲ್ಲಿ ಹೇಳಬಹುದಿತ್ತು. ಮಾಡಿದೆ ಕೂಡ. ನೀನು ಆ ಕಡೆಯಿಂದ ‘ಹೇಳಕ್ಕಾ’ ಎಂದ ಕೂಡಲೇ ನಾಲಿಗೆ ಬಿದ್ದುಹೋಗುತ್ತಿತ್ತು. ಅವರೆಕಾಯಿ ಬಂತಾ, ನಿಮ್ಮೂರು ನಾಟ್ರಾಂಪಾಳ್ಯಕ್ಕೆ ಸಂಜೆ ಬಸ್ಸು ಬಿಟ್ಟರಾ ಎಂದೇನೋ ಕೇಳಿ ಇಟ್ಟುಬಿಡುತ್ತಿದ್ದೆ. ಕಾಗದವಾದರೆ ನಿನ್ನ ದನಿ ಕೇಳಿಸುವುದಿಲ್ಲ. ಇದನ್ನು ನೀನೇ ಓದು, ಮಗನ ಕೈಯಲ್ಲಿ ಓದಿಸಬೇಡ. ಅದಕ್ಕೇ ಅಕ್ಷರ ದಪ್ಪಗೆ ಬರೆದಿದ್ದೇನೆ.

ಈಗ ಮೊದಲಿಂದ ಹೇಳುತ್ತೇನೆ. ಆಯುಧಪೂಜೆ ಮುಗಿದ ಮೇಲೆ ನಾನು ನಿನ್ನನ್ನು ಹೊಸೂರಿಗೆ ಕರೆಸಿಕೊಂಡೆನಲ್ಲ, ನನಗೆ ಕಣ್ಣು ಕೆಂಪಾಗಿದೆ, ಕಂಪನಿಯಲ್ಲಿ ಒಂದು ಫೋಟೋ ತೆಗೆಯುತ್ತಾರೆ, ನನ್ನ ಬದಲು ನೀನು ಕೂತು ಬಾ ಎಂದೆನಲ್ಲ, ನನ್ನ ಕಣ್ಣು ಕೆಂಪಾಗಿರಲಿಲ್ಲ. ನನಗೆ ಸಕ್ಕರೆ ಕಾಯಿಲೆಯಿದೆ. ಹೋದ ವರ್ಷ ಕಾಲಿನ ಗಾಯ ಮಾಯದೆ ಸರ್ಕಾರಿ ಆಸ್ಪತ್ರೆಗೆ ಹೋದಾಗ ಗೊತ್ತಾಯಿತು. ಮಾತ್ರೆಯನ್ನು ಅರಿಶಿನದ ಡಬ್ಬಿಯಲ್ಲಿ ಬಚ್ಚಿಟ್ಟು ನುಂಗುತ್ತೇನೆ. ನಿಮ್ಮ ಭಾವನಿಗೂ ಹೇಳಿಲ್ಲ. ನಿನಗೆ ಹೇಳಿದ್ದರೆ ನೀನೂ ಅಂಚೆಟ್ಟಿ ಆಸ್ಪತ್ರೆಯಲ್ಲಿ ಒಂದು ತೊಟ್ಟು ರಕ್ತ ಕೊಟ್ಟು ನೋಡಿಸಿಕೊಳ್ಳುತ್ತಿದ್ದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಇಷ್ಟಾದರೂ ಹೇಳಬೇಕಿತ್ತು.

ನನ್ನ ಕೆಲಸ ನಿನಗೆ ಗೊತ್ತು. ಗಡಿಯಾರದ ಮುಳ್ಳನ್ನು ಟ್ವೀಜರಿನಲ್ಲಿ ಹಿಡಿದು ಡಯಲಿನ ಮೇಲೆ ಕೂರಿಸಬೇಕು. ಕಣ್ಣು ಹೋದರೆ ಅನ್ನ ಹೋಯಿತು. ಪ್ರತಿ ವರ್ಷ ಗೋಡೆಯ ಮೇಲಿನ ಅಕ್ಷರ ಓದಿಸಿ ಕಳಿಸುತ್ತಿದ್ದರು. ಈ ಸಲ ಕಂಪನಿಯ ಅಂಗಳಕ್ಕೆ ವ್ಯಾನು ಬರುತ್ತದೆ, ಅದರಲ್ಲಿ ಲೇಸರ್ ಯಂತ್ರವಿದೆ, ಮುಟ್ಟುವುದಿಲ್ಲ, ಚುಚ್ಚುವುದಿಲ್ಲ, ಮದ್ದೂ ಹಾಕುವುದಿಲ್ಲ, ಗದ್ದ ಇಟ್ಟು ಕೂತರೆ ಕಣ್ಣಿನ ಒಳಗಿನ ಪರದೆಯ ಚಿತ್ರ ತೆಗೆಯುತ್ತದೆ, ಕಣ್ಣು ಮಂಜಾಗುವ ಎಷ್ಟೋ ಮೊದಲೇ ಸಕ್ಕರೆಯವರ ಬಣ್ಣ ಬಯಲಾಗುತ್ತದೆ ಎಂದರು. ಗೊತ್ತಾದರೆ ಕೆಲಸದಿಂದ ತೆಗೆಯುತ್ತಾರೆ ಎಂದು ಹೆದರಿದೆ. ನಮ್ಮ ಸಾಲಿನ ಸಾಕಮ್ಮನನ್ನು ಕಣ್ಣು ಸರಿಯಿಲ್ಲವೆಂದೇ ಓಡಿಸಿದರು ಎಂದು ಕ್ಯಾಂಟೀನಿನಲ್ಲಿ ಮಾತು ಬೇರೆ. ಅವಳು ಮಗಳ ಬಾಣಂತನಕ್ಕೆ ತಾನೇ ಬಿಟ್ಟು ಹೋದದ್ದು ಎಂದು ಆಮೇಲೆ ಗೊತ್ತಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಹಾಗೆ.

ನೀನು ಬೆಟ್ಟದಲ್ಲಿ ಓಡಾಡುವವಳು, ಸಣ್ಣ ವಯಸ್ಸಿನವಳು, ನಿನಗೇನು ಕಾಯಿಲೆ ಎಂದುಕೊಂಡೆ. ನನ್ನ ನೀಲಿ ಕೋಟು, ಟೋಪಿ, ಮಾಸ್ಕು ತೊಡಿಸಿ, ಕಂಪನಿಯ ಗುರುತಿನ ಕಾರ್ಡು ನಿನ್ನ ಕೊರಳಿಗೆ ಹಾಕಿದೆ. ಟೋಪಿಗೂ ಮಾಸ್ಕಿಗೂ ನಡುವೆ ಕಣ್ಣು ಬಿಟ್ಟರೆ ಇನ್ನೇನೂ ಕಾಣುತ್ತಿರಲಿಲ್ಲ. ಆ ಬೆಳಕು ಸುಡುವುದಿಲ್ಲವಾ ಎಂದು ನೀನು ಒಂದು ಸಲ ಕೇಳಿದೆ, ಅಷ್ಟೇ. ಆಮೇಲೆ ನೀನೇ ನಕ್ಕು, “ನಿಂಗೊಳ್ಳೇದಾಯ್ತದೆ ಅಂದ್ರೆ ಕೂತ್ಕೋತೀನಿ ಬುಡಕ್ಕ, ನನ್ ಕಣ್ಣೇನು ಸವೆದೋಯ್ತದಾ” ಅಂದೆ. ನಾನು ಗೇಟಿನ ಎದುರು ಟೀ ಅಂಗಡಿಯ ಹಿಂದೆ ಕಳ್ಳಿಯ ಹಾಗೆ ನಿಂತಿದ್ದೆ. ಹೊರಗೆ ಬಂದ ನೀನು ಹಸಿರು ಬೆಳಕು ನಿಮ್ಮ ಹೊಲದ ಮಿಣುಕುಹುಳದ ಹಾಗಿತ್ತು ಎಂದು ಮಕ್ಕಳಂತೆ ಹೇಳಿಕೊಂಡೆ. ದೀಪಾವಳಿಗೆಂದು ಒಂದು ಸೀರೆ ಕೊಟ್ಟು ನಿನ್ನನ್ನು ಅಂಚೆಟ್ಟಿ ಬಸ್ಸು ಹತ್ತಿಸಿದೆ. ಋಣ ತೀರಿತು ಎಂದುಕೊಂಡು ಮನೆಗೆ ಬಂದು ಹೊಟ್ಟೆ ತುಂಬ ಉಂಡೆ.

ಹಬ್ಬ ಕಳೆದ ಮೇಲೆ ಗೋಪಿನಾಥ್ ಸಾರ್ ಕರೆಸಿದರು. ಕಂಪನಿಯಲ್ಲಿ ಕೆಲಸದವರ ಕಷ್ಟಸುಖ ನೋಡಿಕೊಳ್ಳುವವರು ಅವರು. ನಿನ್ನ ಪರದೆಯಲ್ಲಿ ರಕ್ತನಾಳ ಅಲ್ಲಲ್ಲಿ ಉಬ್ಬಿ ಸಣ್ಣಗೆ ಸೋರುತ್ತಿದೆ ಎಂದರು. ತುಳಸಿ, ಆ ಕ್ಷಣ ನನಗೆ ನಿನ್ನ ಕಣ್ಣಿನ ಚಿಂತೆ ಬರಲಿಲ್ಲ. ಈ ಹಾಳಾದವಳು ನನ್ನ ಕೆಲಸಕ್ಕೆ ಕಲ್ಲು ಹಾಕಿದಳಲ್ಲ ಎಂದು ನಿನ್ನ ಮೇಲೆ ಸಿಟ್ಟು ಬಂತು. ಇದನ್ನು ಬರೆಯುವಾಗ ಮುಖ ಸುಡುತ್ತಿದೆ. ಆದರೂ ಬರೆಯುತ್ತೇನೆ, ನಿನ್ನ ಅಕ್ಕ ಎಂಥವಳೆಂದು ನಿನಗೆ ಗೊತ್ತಿರಲಿ.

ಗೋಪಿನಾಥ್ ಸಾರ್ ಮಾತು ಮುಗಿಸಿರಲಿಲ್ಲ. ಕೆಲಸ ಎಲ್ಲೂ ಹೋಗುವುದಿಲ್ಲ, ಇಷ್ಟು ಬೇಗ ಸಿಗಲಿ ಎಂದೇ ಆ ವ್ಯಾನು ತರಿಸಿದ್ದು, ಕೃಷ್ಣಗಿರಿಯಲ್ಲಿ ತೋರಿಸಿಕೊಂಡು ಇದೇ ಕುರ್ಚಿಗೆ ಬಾ ಎಂದರು. ನಾನೇ ಕೂತಿದ್ದರೂ ಏನೂ ಆಗುತ್ತಿರಲಿಲ್ಲ. ಆಗಲಾದರೂ ಬಾಯಿ ಬಿಡಬೇಕಿತ್ತು. ತಲೆಯಾಡಿಸಿ ಬಂದೆ.

ಕೃಷ್ಣಗಿರಿಯಲ್ಲಿ ಡಾಕ್ಟರ್ ಮಧುಸೂದನ್ ಅಂಥದ್ದೇ ಯಂತ್ರಕ್ಕೆ ನನ್ನನ್ನು ಕೂರಿಸಿದರು. ನನ್ನ ಪರದೆ ಸ್ವಚ್ಛವಾಗಿತ್ತು. ಎರಡು ಚಿತ್ರವನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ದಂಟಿನ ಸೊಪ್ಪಿನ ಎಲೆ ಮಗುಚಿದರೆ ಕೆಂಪು ನರ ಕಾಣುತ್ತದಲ್ಲ, ಹಾಗೆ ಕವಲು ಕವಲಾಗಿ. ಆ ಕವಲು ಒಬ್ಬರಿಗಿದ್ದ ಹಾಗೆ ಇನ್ನೊಬ್ಬರಿಗಿರುವುದಿಲ್ಲವಂತೆ, ಅವಳಿಜವಳಿಗೂ ಇಲ್ಲವಂತೆ. ತಮಿಳಿನಲ್ಲಿ ಮೆಲ್ಲಗೆ ಕೇಳಿದರು, ಇದು ಯಾರ ಕಣ್ಣಮ್ಮಾ ಎಂದು.

ನನ್ನ ತಂಗಿಯದು ಎನ್ನಲು ಎಷ್ಟು ಹೊತ್ತು ಬೇಕು? ನನಗೇನು ಗೊತ್ತು ಸಾರ್, ವ್ಯಾನಿನಲ್ಲಿ ಚಿತ್ರ ತೆಗೆದ ಹುಡುಗಿ ಅದಲುಬದಲು ಮಾಡಿರಬೇಕು ಅಂದುಬಿಟ್ಟೆ. ಡಾಕ್ಟರು ನಿಟ್ಟುಸಿರಿಟ್ಟರು. ಯಾರೋ ಪಾಪ, ತಾನು ಗಟ್ಟಿಯಾಗಿದ್ದೇನೆ ಎಂದುಕೊಂಡು ಎಲ್ಲೋ ಓಡಾಡಿಕೊಂಡಿದ್ದಾರೆ ಎಂದರು. ಬಸ್ಸಿನಲ್ಲಿ ಹೊಸೂರು ಬರುವವರೆಗೂ ನೀನೇ ಕಣ್ಣ ಮುಂದೆ. ಸೌದೆ ಹೊರೆ ಹೊತ್ತು ಇಳಿಜಾರಿನಲ್ಲಿ ಬರುತ್ತಿದ್ದೀಯ, ಗಟ್ಟಿಯಾಗಿದ್ದೇನೆ ಎಂದುಕೊಂಡು.

ಆ ವ್ಯಾನಿನ ಹುಡುಗಿ ರಂಜಿನಿಯನ್ನು ನನ್ನ ಮಾತಿನಿಂದ ಯಂತ್ರ ಮುಟ್ಟಬೇಡ ಎಂದು ಕೆಲಸವಿಲ್ಲದೆ ಕೂರಿಸಿದ್ದಾರಂತೆ. ನಿನಗೆ ಗದ್ದ ಸರಿಯಾಗಿ ಇಡಲು ಹೇಳಿಕೊಟ್ಟಳು, ಅಕ್ಕಾ ಅಕ್ಕಾ ಎಂದು ಮಾತಾಡಿಸಿದಳು ಎಂದು ನೀನು ಹೊಗಳಿದೆಯಲ್ಲ, ಅವಳೇ.

ಇನ್ನು ಅದರ ಚಿಂತೆ ಬೇಡ. ನಿನ್ನೆ ಗೋಪಿನಾಥ್ ಸಾರ್ ಹತ್ತಿರ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಸ್ವಲ್ಪ ಬೈದರು, ಆಮೇಲೆ ಹೋಗಲಿ ಬಿಡು ಎಂದರು. ನೀನು ನಿಶ್ಚಿಂತೆಯಾಗಿ ಬಾ. ಮುನಿಯಲ್ಲಪ್ಪನವರಿಗೆ ಈ ಕಾಗದ ತೋರಿಸು. ನಿನ್ನ ಗಂಡ ನನ್ನನ್ನು ಬೈದರೆ ಬೈಯಲಿ, ಮನೆಗೆ ಸೇರಿಸದಿದ್ದರೆ ಬೇಡ. ನಿನ್ನನ್ನು ಮಾತ್ರ ತಡೆಯದಿರಲಿ. ನೀನು ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಕಣ್ಣು ತೋರಿಸಿಕೋ ಎಂದಷ್ಟೇ ಕಾಲು ಹಿಡಿದು ಕೇಳುತ್ತೇನೆ, ದೊಡ್ಡವಳಾದರೂ.

ತಲೆ ತಗ್ಗಿಸಿಕೊಂಡ,
ನಿನ್ನ ಅಕ್ಕ
ಕನಕ

ತಾ.ಕ.: ತಪ್ಪಿ ಬರೆದದ್ದಲ್ಲ, ಮೇಲೆ ಬೇಕೆಂದೇ ಒಂದು ಸುಳ್ಳು ಬರೆದಿದ್ದೆ: ಗೋಪಿನಾಥ್ ಸಾರ್‌ಗೆ ಹೇಳಿದೆ ಎಂದೆನಲ್ಲ, ಹೇಳಿರಲಿಲ್ಲ. ನಿನ್ನ ಮುಂದೆ ಅಷ್ಟಾದರೂ ಮರ್ಯಾದೆ ಉಳಿಯಲಿ ಎಂದು ಹಾಗೆ ಬರೆದೆ. ಲಕೋಟೆ ಅಂಟಿಸುವ ಮೊದಲು ಒಂದು ಸಲ ಓದಿದೆ. ಥೂ ಎನಿಸಿತು. ಚಪ್ಪಲಿ ಮೆಟ್ಟಿಕೊಂಡು ಕಂಪನಿಗೆ ಹೋದೆ. ಅವರು ಬೈಯಲಿಲ್ಲ, ಹೋಗಲಿ ಬಿಡು ಎಂದೂ ಅನ್ನಲಿಲ್ಲ. ಡಾಕ್ಟರು ಕೇಳಿದ್ದನ್ನೇ ಕೇಳಿದರು, ಅದು ಯಾರ ಕಣ್ಣು ಎಂದು. “ನನ್ ತಂಗೀದು ಸಾರ್, ತುಳಸಮ್ಮ ಅಂತ” ಅಂದೆ. ಆ ಚಿತ್ರದ ಮೇಲಿದ್ದ ನನ್ನ ಹೆಸರು ಹೊಡೆದು ನಿನ್ನ ಹೆಸರು ಬರೆದರು. ನನ್ನ ಮುಂದೆಯೇ ವ್ಯಾನಿನವರಿಗೆ ಫೋನ್ ಮಾಡಿ ರಂಜಿನಿಯದು ತಪ್ಪಿಲ್ಲ ಎಂದರು. ಆಮೇಲೆ ಕೈ ಚಾಚಿದರು. ಕೊರಳಿಂದ ಕಾರ್ಡು ತೆಗೆದು ಕೊಟ್ಟು ಬಂದೆ. ಸೋಮವಾರ ನೀನು ನಿನ್ನ ಆಧಾರ್ ಕಾರ್ಡು ತಾ. ಈ ಸಲ ನಾನು ಟೀ ಅಂಗಡಿಯ ಹಿಂದೆ ನಿಲ್ಲುವುದಿಲ್ಲ, ನಿನ್ನ ಪಕ್ಕದಲ್ಲೇ ಕೂತಿರುತ್ತೇನೆ.