ಕೆಂಪು ಪೆನ್ಸಿಲ್ಲಿನ ಗುರುತು

ಅತ್ತಿಗೆ,

ಈಗಷ್ಟೇ ನಿಮಗೆ ಕಣ್ಣು ಹತ್ತಿತ್ತು, ಎಬ್ಬಿಸೋಕೆ ಮನಸ್ಸು ಬರಲಿಲ್ಲ. ಬಂದರಿನಿಂದ ಫೋನ್ ಬಂದಿತ್ತು. ಅಣ್ಣನ ದೋಣಿ ಸಿಕ್ಕಿದೆಯಂತೆ, ಮಗುಚಿಕೊಂಡು. ಬಲೆಯಲ್ಲಿ ಸಿಕ್ಕಿಕೊಂಡು ಒಬ್ಬರಿದ್ದಾರೆ, ಮನೆಯವರು ಬಂದು ನೋಡಿ ಅಂದರು. ನೀವು ಬರಬೇಡಿ. ಅವನ ಅಂಗಿಗೆ ಬೇರೆ ಬಣ್ಣದ ದಾರದಲ್ಲಿ ಗುಂಡಿ ಹೊಲಿದೆ ಅಂತ ನನ್ನನ್ನು ಬೈದಿರಲ್ಲ, ನನಗೆ ಅಷ್ಟು ಗುರುತು ಸಾಕು.

ಹಾಲು ಒಲೆ ಮೇಲಿದೆ. ಪುಟ್ಟಿಗೆ ಕೆನೆ ತೆಗೆದು ಕೊಡಿ, ಇಲ್ಲದಿದ್ದರೆ ರಾಗ ತೆಗೀತಾಳೆ.

ಇವತ್ತು ಮನೆಪಾಠ ನೀವೇ ಮಾಡಬೇಕು. ಹವಳದ ಪುಟ ತೆಗೆಯಿರಿ, ಕಡಲ ಪ್ರವಾಹದ್ದು ಬೇಡ. ಯಾಕೆ ಅಂತ ಹೇಳಿಬಿಡ್ತೀನಿ. ಕಡಲರಾಜ ಅಪ್ಪನನ್ನು ಊಟಕ್ಕೆ ಕೂರಿಸಿಕೊಂಡಿದ್ದಾನೆ, ಬಡಿಸಿ ಮುಗಿಯೋ ತನಕ ಬಿಡಲ್ಲ ಅಂತ, ಅಣ್ಣ ಕಡಲಿನಿಂದ ವಾಪಸ್ ಬರದಾದಾಗಿನಿಂದ ನಾನು ಪುಟ್ಟಿಗೆ ಅಜ್ಜಿಯ ಕಥೆ ಹೇಳ್ತಿದ್ದೆ. ಮೊನ್ನೆ ಅವಳು, "ಅತ್ತೆ, ಕಾಗಕ್ಕ ಗುಬ್ಬಕ್ಕನ ಕಥೆ ಸಾಕು, ನೀರು ಎಲ್ಲಿಗೆ ಹೋಗುತ್ತೆ ಅಂತ ಸರಿಯಾಗಿ ಹೇಳಿಕೊಡು" ಅಂದಳು. ಹೇಳಿಕೊಟ್ಟೆ. ಗಾಳಿ, ಉಬ್ಬರ, ಸೆಳೆತ ಎಲ್ಲ ಲೆಕ್ಕ ಹಾಕಿ ಅಡುಗೆಮನೆಯ ನಕ್ಷೆ ಮೇಲೆ ಕೆಂಪು ಪೆನ್ಸಿಲ್ಲಿನಲ್ಲಿ ಗುರುತು ಹಾಕಿದಳು, "ಅಪ್ಪನ ದೋಣಿ ಇಲ್ಲಿರುತ್ತೆ" ಅಂತ.

ಬಂದರಿನವರು ಹೇಳಿದ ಜಾಗವೂ ಅದೇ, ಅತ್ತಿಗೆ.

ಎದ್ದ ಕೂಡಲೇ ಉತ್ತರ ಸರೀನಾ ಅಂತ ಕೇಳ್ತಾಳೆ. ಸರಿ ಅನ್ನಬೇಡಿ. ತಪ್ಪು ಅಂತ ಸುಳ್ಳೂ ಹೇಳಬೇಡಿ. ಅತ್ತೆ ಬಂದು ತಿದ್ದುತ್ತಾಳೆ ಅನ್ನಿ. ಪೆನ್ಸಿಲ್ ಹುಡುಕಿದರೆ ಸಿಗಲ್ಲ, ನಾನೇ ತಗೊಂಡು ಹೋಗಿದ್ದೀನಿ.