ಅಪ್ಪನ ಬಿಳಿ ಟೋಪಿ

ಇಚಲಕರಂಜಿ
೧೨ ನವೆಂಬರ್ ೨೦೧೯, ಮಂಗಳವಾರ

ಪ್ರೀತಿಯ ತಮ್ಮ ದಿನಕರನಿಗೆ ಅಕ್ಕನ ಆಶೀರ್ವಾದ.

ಹೇಗಿದ್ದೀಯಪ್ಪಾ? ಭಿವಂಡಿಯ ನೀರು ಈಗಲಾದರೂ ಒಗ್ಗಿತೇ? ಮೊಣಕಾಲು ನೋವು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಎರಡು ಜೋಳದ ಭಾಕರಿ ತಿನ್ನು. ನಾನು ವಿಠ್ಠಲನ ದಯೆಯಿಂದ ಓಡಾಡಿಕೊಂಡಿದ್ದೇನೆ. ನಮ್ಮನ್ನು ಹೆತ್ತ ಆಯಿಯ ಹದಿಮೂರನೆಯ ದಿನದ ಕಾರ್ಯ ಮೊನ್ನೆ ಮುಗಿಯಿತು. ಸುದ್ದಿ ಮುಟ್ಟಿಸಿದವನ ಹತ್ತಿರ “ಯಾವ ಮುಖ ಇಟ್ಕೊಂಡು ಆ ಬೀದಿಗೆ ಬರ್ಲಿ” ಎಂದೆಯಂತೆ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ.

ಕೊನೆಯವರೆಗೂ ಆಯಿಗೆ ಒಂದೇ ಮಾತು: “ನನ್ ದಿನ್ಯಾ ಊಟ ಮರೆತಾನು, ಟ್ಯಾಂಕಿನ ನೀರು ಬಿಡೋದು ಮರೆಯೋನಲ್ಲ.” ನಿಜವೇ ಅಲ್ಲವೇ. ಹದಿನೆಂಟು ವರ್ಷ ನೀನು ಬಟ್ಟೆ ಗಿರಣಿಯ ಕಂಪ್ರೆಸರ್ ಕೋಣೆ ನೋಡಿಕೊಂಡೆ, ಗಾಳಿ ತುಂಬುವ ಟ್ಯಾಂಕಿನ ಅಡಿಗೆ ಕೂಡುವ ನೀರನ್ನು ತಪ್ಪದೆ ಹೊರಬಿಟ್ಟೆ. ದಿನಾ ಬೆಳಗ್ಗೆ ಅಪ್ಪನ ಬಿಳಿ ಟೋಪಿಯನ್ನು ಗಾಳಿ ಕೊಳವೆಯ ಬಾಯಿಗೆ ಹಿಡಿಯುತ್ತಿದ್ದೆ. ಅದರ ಮೇಲೆ ನೀರಿನ ಹನಿ, ಎಣ್ಣೆಯ ಚುಕ್ಕೆ ಬೀಳದಿದ್ದರೆ ಮಾತ್ರ ಮಗ್ಗಗಳಿಗೆ ಗಾಳಿ. ಅಲ್ಲೇ ಕಸ ಗುಡಿಸುತ್ತಿದ್ದ ನಾನು “ಟೋಪಿಗೆ ಆರತಿ ಆಯ್ತೇನೋ?” ಎಂದು ರೇಗಿಸುತ್ತಿದ್ದೆ. “ನಗಬೇಡ ಅಕ್ಕಾ, ನಮ್ ಮಗ್ಗದಲ್ಲಿ ನೂಲು ಹೊತ್ಕೊಂಡು ಓಡೋದೇ ಗಾಳಿ. ಗಾಳಿ ಬೆವತ್ರೆ ಬಟ್ಟೆ ಹಾಳು” ಎನ್ನುತ್ತಿದ್ದೆ ನೀನು.

ಮೂರು ವರ್ಷದ ಹಿಂದಿನ ಆ ಶ್ರಾವಣ ಕಣ್ಣಿಗೆ ಕಟ್ಟಿದಂತಿದೆ. ಗಾಳಿಯ ತೇವ ತೆಗೆಯುವ ಯಂತ್ರ ಕೆಟ್ಟು ಎಂಟು ದಿನವಾಗಿತ್ತು. ನೀರು ನಿಲ್ಲದಿರಲೆಂದು ನೀನು ಟ್ಯಾಂಕಿನ ಅಡಿಯ ನಲ್ಲಿಯನ್ನು ಕೂದಲೆಳೆಯಷ್ಟು ತೆರೆದಿಟ್ಟು ಸಂಜೆ ಮನೆಗೆ ಹೋದೆ. ಬೆಳಗ್ಗೆ ಬಂದು ನೋಡಿದರೆ ನಲ್ಲಿ ಬಿಗಿಯಾಗಿ ಮುಚ್ಚಿತ್ತು. ರಾತ್ರಿ ಪಾಳಿಯಲ್ಲಿ ಟ್ಯಾಂಕಿನ ನೀರು ಗಾಳಿಯೊಂದಿಗೆ ಹೋಗಿ, ಹನ್ನೆರಡು ಮಗ್ಗದ ಬಟ್ಟೆಯ ತುಂಬ ತುಕ್ಕು ನೀರಿನ ಕಲೆ. ತೆರೆದೇ ಹೋಗಿದ್ದೆನೆಂದು ನೀನು ಆಣೆಯಿಟ್ಟರೆ, ಮಗ್ಗಗಳ ಮೇಸ್ತ್ರಿ, ಜಾಬರ್ ಚೌಗುಲೆ “ಹಂಗಾದ್ರೆ ನಲ್ಲಿಗೆ ಕೈ ಮೊಳೆತು ತಾನೇ ತಿರುಗಿಸ್ಕೊಂಡಿತೇನೋ?” ಎಂದು ಎಲ್ಲರನ್ನೂ ನಗಿಸಿದ. ನಿನ್ನ ಕೆಲಸ ಹೋಯಿತು. ಆ ಸಂಜೆ ನೀನು ನನ್ನ ಒಲೆಯ ಮುಂದೆ ಕೂತು, ಅಂಗೈ ನೋಡಿಕೊಳ್ಳುತ್ತಾ ಹೇಳಿದೆ: “ಅಕ್ಕಾ, ನಾನೇ ಮುಚ್ಚಿದ್ನೇನೋ. ಈ ಕೈಯನ್ನೇ ನಂಬೋಕಾಗ್ತಿಲ್ಲ.” ನಾನು ಭಾಕರಿ ತಟ್ಟುತ್ತಲೇ ಇದ್ದೆ. ಮರುದಿನ ನೀನು ಊರು ಬಿಟ್ಟೆ.

ವಿಠ್ಠಲ ರುಖುಮಾಯಿ ನಿನ್ನ ಬೆನ್ನಿಗಿರಲಿ. ಚಳಿ ಶುರುವಾಗಿದೆ, ಕಿವಿಗೆ ಬಟ್ಟೆ ಕಟ್ಟಿಕೋ.

ನಿನ್ನ ಅಕ್ಕ
ಮಾಲನ್

ತಾ.ಕ.: ಮರೆತು ಕೆಳಗೆ ಬರೆಯುತ್ತಿಲ್ಲ ದಿನಕರಾ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಲ್ಲಿ ಮುಚ್ಚಿದವಳು ನಾನು. ಆವತ್ತು ನೀನು ಹೋದ ಮೇಲೆ, ಪಾಳಿ ಬದಲಾಗುವಾಗ ಗುಡಿಸಲು ಬಂದರೆ ಅದು ಸುಸ್ ಎನ್ನುತ್ತಿತ್ತು. ಒರೆಸಿದಷ್ಟೂ ನೆಲ ಒದ್ದೆ. ಗಾಳಿ ಸುಮ್ಮನೆ ಪೋಲಾಗುತ್ತಿದೆ, ತಮ್ಮ ಬೈಸಿಕೊಂಡಾನು ಎಂದು ಬಿಗಿಯಾಗಿ ತಿರುಗಿಸಿದೆ. ಪ್ರತಿ ಏಕಾದಶಿಗೂ ವಿಠ್ಠಲನಿಗೆ ಹೇಳಿದೆ. ಆಯಿಗೆ ಹೇಳಲಿಲ್ಲ, ನಿನಗೆ ಹೇಳಲಿಲ್ಲ. ಇವತ್ತು ಬೆಳಗ್ಗೆ ಎಲ್ಲರ ಮುಂದೆ ಚೌಗುಲೆಗೆ ಹೇಳಿ, ಪೊರಕೆ ಅಲ್ಲೇ ಇಟ್ಟು ಬಂದೆ. ನಿನ್ನ ಕೈ ತಪ್ಪಿರಲಿಲ್ಲಪ್ಪಾ. ನೀನು ಬಿಟ್ಟುಹೋದ ಅಪ್ಪನ ಟೋಪಿ ಒಗೆದು ಲಕೋಟೆಯಲ್ಲಿ ಇಟ್ಟಿದ್ದೇನೆ. ಮನೆಗೆ ಬಾ ಎನ್ನಲು ನನಗೆ ಬಾಯಿಲ್ಲ. ಟೋಪಿ ಮಾತ್ರ ವಾಪಸು ಕಳಿಸಬೇಡ.